ಶ್ರೀಕಾರ್ಯಂನಲ್ಲಿ ಕೊಟ್ಟ ಸ್ವರಗಳು

ಹೆಡ್‌ಫೋನಿನ ಸ್ಪಂಜಿನಲ್ಲಿ ಯಾರದೋ ತಲೆಯೆಣ್ಣೆಯ ವಾಸನೆ, ಥೂ, ಕೊಚ್ಚಿಯಲ್ಲಿ ಇಷ್ಟು ದೊಡ್ಡ ಸ್ಟುಡಿಯೋ ಕಟ್ಟಿದವರಿಗೆ ಇದನ್ನು ಒರೆಸಲಿಕ್ಕೆ ಒಂದು ಬಟ್ಟೆಗೆ ಗತಿಯಿಲ್ಲ, ಸುಧನ್ವ ಸ್ಯಾಕ್ಸೊಫೋನಿನ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡ, ಗಾಜಿನಾಚೆ ಋತ್ವಿಕ್, ತುಂಬಾ ರಾಕೆಟ್ ಕೇಂದ್ರದ ಕನ್ನಡಿಗ ವಿಜ್ಞಾನಿಯ ಮಗ, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವವನು, ಈಗ ಸಂಗೀತ ನಿರ್ದೇಶಕನಂತೆ — ಚೇಟ್ಟಾ, ಮೊದಲು ಗೈಡ್ ಕೇಳಿ, ಹಾಗೇ ನುಡಿಸಿದರೆ ಸಾಕು — ಚೇಟ್ಟನಂತೆ, ಅಣ್ಣನಂತೆ, ಇವನ ಅಪ್ಪನ ವಯಸ್ಸು ತನಗೆ, ಹಾಗೇ ನುಡಿಸಬೇಕಂತೆ, ಸಿನಿಮಾ, ಜಾಹೀರಾತು, ಭಕ್ತಿಗೀತೆ ಎಂದು ಅರ್ಧ ಆಯುಷ್ಯ ಊದಿದವನಿಗೆ, ಸಂಜೆ ಫೋರ್ಟ್ ಕೊಚ್ಚಿಯ ಹೋಟೆಲಿನಲ್ಲಿ ಜಾಝ್ ನುಡಿಸಿದರೆ ಮೀನು ಬಾಯಿಗೆ ತುರುಕಿಕೊಂಡೇ ಹುಟ್ಟುಹಬ್ಬದ ಹಾಡು ಬರುತ್ತದಾ ಎಂದು ಕೇಳುವ ಮಂದಿ, ಆ ಹೋಟೆಲಿನವರೂ ಮುಂದಿನ ತಿಂಗಳಿಂದ ಬರುವುದು ಬೇಡ ಎಂದಿದ್ದಾರೆ, ಇದೂ ತಪ್ಪಿದರೆ ಊದಲಿಕ್ಕೆ ಜಾಗವೇ ಇಲ್ಲ. ಗೈಡ್ ಶುರುವಾಯಿತು, ದಾರಿ ತೋರಿಸಲಿಕ್ಕೆ ಕೀಬೋರ್ಡಿನಲ್ಲಿ ಬಾರಿಸಿಟ್ಟ ಸ್ಯಾಕ್ಸ್, ಯಾವ ಕತ್ತೆ ಮಾಡಿದ್ದು ಇದನ್ನು, ಎಲ್ಲಿಯೂ ಉಸಿರೆಳೆಯಲಿಕ್ಕೆ ಬಿಡುವಿಲ್ಲ, ಆದರೆ ಆ ಪಂಚಮ, ಒಂಚೂರು ಜಾರಿ ಮತ್ತೆ ಹತ್ತುವ ಪಂಚಮ, ಅದು — ಅದು ತನ್ನದಲ್ಲವಾ, ಎರಡು ವರ್ಷದ ಹಿಂದೆ ತಿರುವನಂತಪುರಕ್ಕೆ ಕರೆಸಿಕೊಂಡಿದ್ದ ಇವನೇ, ಶ್ರೀಕಾರ್ಯಂನ ಬಾಡಿಗೆ ಕೋಣೆ, ಸದ್ದಾಗುತ್ತದೆಂದು ಫ್ಯಾನ್ ಬಂದ್, ಬೆವರು, ಒಂದೊಂದೇ ಸ್ವರ ಕೊಡಿ ಚೇಟ್ಟಾ, ಮೆತ್ತಗೆ ಒಮ್ಮೆ, ಜೋರಾಗಿ ಒಮ್ಮೆ, ಇಡೀ ದಿನ ಅದೇ, ರಾಗ ಇಲ್ಲ ತಾಳ ಇಲ್ಲ, ಆಲುವದ ಮನೆಗೆ ಬಂದು ಹೆಂಡತಿ ಜಾಯ್ಸ್‌ಗೆ ಹೇಳಿ ನಕ್ಕದ್ದೇ ನಕ್ಕದ್ದು, ಒಬ್ಬ ಬೆಪ್ಪ ಸಿಕ್ಕಿದ ಮಾರಾಯ್ತಿ, ಬರೀ ಸ್ವರ ಸಾಕಂತೆ, ಹಾಡು ಬೇಡವಂತೆ, ಅವಳು ನಗಲಿಲ್ಲ, ಬರೀ ಸ್ವರ ಅವನಿಗೆ ಎಂತಕ್ಕೆ ಎಂದಳು, ನಿನಗೆಂತ ಗೊತ್ತಾಗ್ತದೆ ಸುಮ್ಮನಿರು, ಆ ಬಿಡಿ ಸ್ವರಗಳೇ ಈಗ ಕೀಬೋರ್ಡಿನ ಒಂದೊಂದು ಕೀಯ ಕೆಳಗೆ, ಬೆಪ್ಪ ಯಾರು ಈಗ, ಯಾರು. ಊದಿದ, ಮತ್ತೊಮ್ಮೆ ಊದಿದ, ಕೊನೆಯ ಸಾಲು ಮುಟ್ಟುವ ಮೊದಲೇ ಎದೆ ಕೈಕೊಟ್ಟಿತು, ಕೆಮ್ಮು, ತನ್ನದೇ ಸ್ವರಗಳ ಹಿಂದೆ ಓಡಿ ಏದುಸಿರು, ನಾಚಿಕೆಗೇಡು, ಕಿವಿಯೊಳಗೆ ಋತ್ವಿಕ್‌ನ ದನಿ, ಹಾಳಾದವನಿಗೆ ಮರ್ಯಾದೆಗೇನೂ ಕಮ್ಮಿಯಿಲ್ಲ, ಪರವಾಗಿಲ್ಲ ಚೇಟ್ಟಾ, ಗೈಡನ್ನೇ ಇಟ್ಟುಕೊಳ್ಳುತ್ತೇವೆ, ಅದೂ ನೀವೇ ಅಲ್ಲವಾ — ಗಾಜಿನಾಚೆಯ ಕಂಪ್ಯೂಟರ್ ಪರದೆಯ ಮೇಲೆ ತನ್ನ ಪಂಚಮ, ನೀಲಿ ಗೀಟುಗಳ ಗುಪ್ಪೆ, ಅದರ ಎಡಕ್ಕೆ ಉಸಿರೆಳೆದದ್ದನ್ನು ಕತ್ತರಿಸಿ ತೆಗೆದ ನೆಟ್ಟನೆಯ ಅಂಚು, ಮುಂದಿನ ಸ್ವರ, ಅಲ್ಲೂ ಅಂಚು, ಅದರ ಮುಂದಿನದು, ಅಂಚು, ನೀಲಿ, ಅಂಚು