ಬಿಳಿ ಪೆಟ್ಟಿಗೆಯೊಳಗಿನ ದೀಪ

ಭತ್ತ ಕೊಯ್ಲಿಗೆ ಬಂದಾಗ ಮೋಡ ಕಂಡರೆ ಯಾರಿಗೆ ತಾನೇ ಊಟ ಸೇರುತ್ತದೆ? ಎಂಬತ್ತಾರನೇ ಇಸವಿಯ ನವೆಂಬರಿನಲ್ಲಿ, ಕೋಣಂದೂರಿನ ಆಚೆಯ ಒಂದು ಹಳ್ಳಿಯಲ್ಲಿ, ಹೂವಮ್ಮನಿಗೆ ಎರಡು ದಿನದಿಂದ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಗೇಣಿ ಹೋಗಿ ಸ್ವಂತದ್ದಾದ ಎರಡೆಕರೆ ಗದ್ದೆ. ಶನಿವಾರ ಅವರ ಮುಯ್ಯಾಳಿನ ಸರದಿ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಅದೇ ಮುಯ್ಯಾಳು. ಸರದಿ ಬಿಟ್ಟರೆ ಎಂಟು ದಿನ ಯಾರೂ ಸಿಗುವುದಿಲ್ಲ. ಕೊಯ್ದರೋ, ಭತ್ತ ಮೂರು ದಿನ ಗದ್ದೆಯಲ್ಲೇ ಮಲಗಿ ಒಣಗಬೇಕು. ಅಷ್ಟರಲ್ಲಿ ಮಳೆ ಹೊಡೆದರೆ ಕಾಳೆಲ್ಲ ಮೊಳೆತು ವರ್ಷದ ಅನ್ನ ಮಣ್ಣುಪಾಲು.

ರೇಡಿಯೋದಲ್ಲಿ ಅಲ್ಲಲ್ಲಿ ಮಳೆಯಾಗಬಹುದು ಎಂದಿದ್ದರು.

“ಅಲ್ಲಲ್ಲಿ ಅಂದ್ರೆ ಎಲ್ಲಿ? ನಮ್ ಗದ್ದೆ ಅವ್ರು ನೋಡಿದ್ದಾರಾ?” ಎಂದ ಅವಳ ಗಂಡ ಕೆರಿಯಪ್ಪ.

“ಅದ್ಕೇ ವರದಮ್ಮ ಟೀಚರನ್ನ ಕೇಳಾಣ ಅಂತ. ಅವ್ರ ಮನೇಲಿ ಎಂತದೋ ಕಂಪ್ಯೂಟರ್ ಇದ್ಯಂತಲ್ಲ, ಹವೆ ಹೇಳ್ತದಂತೆ.”

“ಮನೆ ಒಳಗೆ ಬೆಚ್ಚಗೆ ಕೂತಿದ್ದಕ್ಕೆ ಹೊರಗಿನ ಹವೆ ಎಂತ ಗೊತ್ತಾಗ್ತದೆ ಮಾರಾಯ್ತಿ?” ಎಂದ ಕೆರಿಯಪ್ಪ. ಎಂದರೂ ಶುಕ್ರವಾರ ಸಂಜೆ ಹೆಂಡತಿಯ ಹಿಂದೆ ಹೊರಟ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ವರದಮ್ಮ ಕರೆದು ಕಾಫಿ ಕೊಡುವವರು, ಅದನ್ನು ಬಿಡುವ ಜಾತಿಯಲ್ಲ ಅವನದು.

ಟೀಚರ ಅಂಗಳದ ಮೂಲೆಯಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ ನಿಂತಿತ್ತು. ಸುತ್ತ ಗಾಳಿಯಾಡುವ ಪಟ್ಟಿಪಟ್ಟಿ ಬಾಗಿಲು. ಅದನ್ನು ದಾಟುವಾಗ ಹೂವಮ್ಮ ಮುಖ ತಿರುಗಿಸಿದಳು. ಅದರೊಳಗೆ ಒಂದು ಹಣತೆ ಉರಿಯುತ್ತಿತ್ತು. ಅರ್ಧ ಗಂಟೆ ಮೊದಲು ಅವಳೇ ಹಚ್ಚಿಟ್ಟದ್ದು. ಅವಳನ್ನು ಬೈದು ಪ್ರಯೋಜನವಿಲ್ಲ. ಟೀಚರು ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು, ಆ ಬಾಗಿಲು ತೆಗೆದು, ತಲೆ ಬಗ್ಗಿಸಿ ನೋಡಿ ಹೋಗುತ್ತಿದ್ದರು. ಊರು, ಬೆಳೆ ಕಾಯುವ ದೇವತೆ ಚೌಡಿಯಲ್ಲದೆ ಇನ್ನೇನಿದ್ದೀತು ಅಲ್ಲಿ? ಬೆಳೆ ಕೈಗೆ ಬರಲಿ ಎಂದು ಹೂವಮ್ಮ ವಾರಕ್ಕೆರಡು ಸಲ ಸದ್ದಿಲ್ಲದೆ ದೀಪವಿಟ್ಟು, ಬೆಳಗಾಗುವ ಮೊದಲೇ ಹಣತೆ ತೆಗೆದುಕೊಂಡು ಹೋಗುತ್ತಿದ್ದಳು.

ಜಗಲಿಯಲ್ಲಿ ಟೀಚರು ಕಪ್ಪು-ಬಿಳುಪಿನ ಟಿ.ವಿ. ಹಾಕಿಕೊಂಡು ಕೂತಿದ್ದರು. ಮುಂದೆ ಟೈಪ್‌ರೈಟರಿನಷ್ಟು ಅಗಲದ ಒಂದು ಸಣ್ಣ ಯಂತ್ರ, ಅದೇ ಕಂಪ್ಯೂಟರ್. ಸಾಗರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ ತಮ್ಮನನ್ನು ಕಾಡಿ ಬೇಡಿ ವೈರುಗಳನ್ನು ಕೂಡಿಸಿಕೊಂಡಿದ್ದರು.

“ಇದು ಮಳೆ ಬರ್ತದೆ ಅಂತ ಹೇಳ್ತದಾ?” ಕೆರಿಯಪ್ಪ ಕೇಳಿದ.

“ಇದು ಎಂತದೂ ಹೇಳೂದಿಲ್ಲ ಕೆರಿಯಪ್ಪ, ಎಣಿಸ್ತದೆ ಅಷ್ಟೆ. ಅಂಗಳದ ಬಿಳಿ ಪೆಟ್ಟಿಗೆ ಒಳಗೆ ಎರಡು ಮಣಿ ಇದಾವೆ, ಬಿಸಿ ಅಳೆಯೂವು. ಒಂದು ಒಣಾದು, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿದೀನಿ, ದಿನಾ ಬೆಳಿಗ್ಗೆ ನೋಡಿ ನೀರು ಹಾಕ್ತೀನಿ. ಹವೆ ಒಣಗಿದ್ರೆ ಬಟ್ಟೆ ಬೇಗ ಆರ್ತದೆ, ಆ ಮಣಿ ತಂಪಾಗ್ತದೆ. ಆಗ ಎರಡರ ನಡುವೆ ಅಂತರ ಜಾಸ್ತಿ. ಹವೇಲಿ ತೇವ ತುಂಬಿದ್ರೆ ಬಟ್ಟೆ ಆರೂದಿಲ್ಲ, ಅಂತರ ಕಮ್ಮಿ. ಹತ್ತು ನಿಮಿಷಕ್ಕೊಂದ್ಸಲ ಕಂಪ್ಯೂಟರ್ ಇದನ್ನ ಓದಿ ಇಟ್ಕೊಳ್ತದೆ.”

ಒಗೆದ ಸೀರೆ ಆರದ ದಿನ ಮಳೆ ಹತ್ತಿರವಿದೆ ಎಂದು ಹೂವಮ್ಮನಿಗೆ ಹುಟ್ಟಿದಾಗಿನಿಂದ ಗೊತ್ತು. ಮಾತು ತಟ್ಟನೆ ತಲೆಗೆ ಹೋಯಿತು. ಹಿಂದೆಯೇ ಇನ್ನೊಂದೂ ಹೋಯಿತು: ಪೆಟ್ಟಿಗೆಯಲ್ಲಿರುವುದು ಚೌಡಿಯಲ್ಲ, ಮಣಿ.

ಟೀಚರು ಕೀಲಿ ಒತ್ತಿದರು. ಟಿ.ವಿ.ಯ ಮೇಲೆ ಗೆರೆ ಮೂಡಿತು. “ಸೋಮವಾರ ಮಧ್ಯಾಹ್ನ ಮೂರಕ್ಕೆ ಅಂತರ ಏಳು ಡಿಗ್ರಿ. ಬುಧವಾರ ಐದು. ಇವತ್ತು ಮೂರಕ್ಕೆ ಎರಡೂವರೆ. ತೇವ ಏರ್ತಾ ಇದೆ. ಆದ್ರೆ ಇದು ನೋಡಿ, ಈಗ ಸಂಜೆ ಮತ್ತೆ ಏಳು. ಹೀಗಾಗ್ಬಾರದು.”

“ಏಳು ಅಂದ್ರೆ ಒಣ ಹವೆ ಅಲ್ವಾ?” ಕೆರಿಯಪ್ಪನ ಮುಖ ಅರಳಿತು. “ಹಂಗಾರೆ ಮುಗೀತು. ನಾಳೆ ಕೊಯ್ಯಾದೇ. ನಿಮ್ ಯಂತ್ರ ಒಳ್ಳೇದು ಟೀಚರೇ, ನಾನು ಸುಮ್ನೆ ಅನುಮಾನ ಪಟ್ಟೆ.”

ತನಗೆ ಬೇಕಾದ್ದನ್ನು ಹೇಳಿದ ಕೂಡಲೇ ಯಂತ್ರ ಒಳ್ಳೆಯದಾಯಿತು. ಇಂಥವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರೆ.

ಟೀಚರು ಮಾತ್ರ ಹಿಂದಿನ ದಿನಗಳನ್ನು ತೆಗೆದು ನೋಡುತ್ತಿದ್ದರು. “ಮಂಗಳವಾರವೂ ಹೀಗೇ ಏರಿದೆ. ಹೋದ ಶುಕ್ರವಾರವೂ. ಬೇರೆ ದಿನ ಇಲ್ಲ. ವೈರ್ ಸಡಿಲ ಆಗಿದ್ರೆ ದಿನಾ ಹೀಗಾಗ್ಬೇಕಿತ್ತು. ವೈರ್‌ಗೆ ವಾರ ಗೊತ್ತಾಗ್ತದಾ?”

ಹೂವಮ್ಮನಿಗೆ ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಭತ್ತ ಹೋಗುತ್ತದೆ. ಅವಳು ಸೆರಗು ಹಿಂಡಿಕೊಂಡು ಎದ್ದಳು.

“ಟೀಚರೇ, ಅದು ವೈರಲ್ಲ. ನಾನು. ಚೌಡಿ ಅಂದ್ಕಂಡು ದೀಪ ಇಟ್ಟಿದ್ದೆ. ಈಗ್ಲೂ ಉರೀತಾ ಇದೆ.”

ಟೀಚರು ಕತ್ತು ಚಾಚಿ ಅಂಗಳದ ಪೆಟ್ಟಿಗೆಯತ್ತ ನೋಡಿದರು. ಆಮೇಲೆ ಅವರು ನಕ್ಕ ನಗುವಿಗೆ ಹೂವಮ್ಮನೂ ನಕ್ಕಳು. ಅವಳೇ ಹೋಗಿ ಹಣತೆ ತಂದಳು. ಪೆಟ್ಟಿಗೆಯ ಬಾಗಿಲು ತೆರೆದಿಟ್ಟು ಮೂವರೂ ಕಾಫಿ ಕುಡಿದರು. ಇಪ್ಪತ್ತು ನಿಮಿಷದಲ್ಲಿ ಗೆರೆ ಕೆಳಗಿಳಿಯಿತು. ಅಂತರ ಒಂದೇ ಡಿಗ್ರಿ.

ಕೆರಿಯಪ್ಪ ಲೋಟ ಕೆಳಗಿಟ್ಟ. “ಒಂದೇ ಮನೇಲಿದ್ದು ಇವಳು ದೀಪ ಇಡೂದು ನಂಗೆ ಗೊತ್ತಿಲ್ಲ. ಇದಕ್ಕೆ ವಾರ, ಹೊತ್ತು ಸಮೇತ ಗೊತ್ತುಂಟು. ಟೀಚರೇ, ನೀವಾಗಿದ್ರೆ ಎಂತ ಮಾಡ್ತಿದ್ರಿ?”

“ಮಳೆ ಬಂದೇ ಬರ್ತದೆ ಅಂತ ನಾನು ಹೇಳಲಾರೆ. ರೇಡಿಯೋ ಮಳೆ ಅಂತಿದೆ, ನಮ್ ಅಂಗಳದ ಹವೆಯೂ ಅದನ್ನೇ ಹೇಳ್ತಿದೆ. ನಾನಾಗಿದ್ರೆ ಕೊಯ್ತಿರ್ಲಿಲ್ಲ. ನಿಂತ ಭತ್ತ ಮಳೆ ತಡೀತದೆ, ಮಲಗಿದ್ದು ತಡೆಯೂದಿಲ್ಲ.”

ಕೆರಿಯಪ್ಪ ಅಲ್ಲಿಂದ ನೇರ ಪಕ್ಕದ ಗದ್ದೆಯ ಮಾಸ್ತಪ್ಪನ ಮನೆಗೆ ಹೋದ. ಮಾಸ್ತಪ್ಪ ಮೂರು ದಿನದ ಹಿಂದೆಯೇ ಕೊಯ್ದಿದ್ದ, ಅವನ ಭತ್ತ ಗದ್ದೆಯಲ್ಲೇ ಮಲಗಿತ್ತು. “ನಾಳೆ ನಮ್ ಸರದಿ ನೀನು ತಗಾ. ಎಲ್ರೂ ಸೇರಿ ನಿಂದು ಕಣಕ್ಕೆ ಹೊರಾಣ,” ಎಂದ ಕೆರಿಯಪ್ಪ. ಶನಿವಾರ ಇಪ್ಪತ್ತು ಜನ ಹೊತ್ತರು. ಕೊನೆಯ ಹೊರೆ ಬಣವೆಗೆ ಏರುವಾಗ ಮೊದಲ ಹನಿ ಬಿತ್ತು. ಮಳೆ ಸೋಮವಾರದವರೆಗೂ ಬಿಡಲಿಲ್ಲ.

ಹೂವಮ್ಮನ ಭತ್ತ ಒಂದಿಷ್ಟು ಬಾಗಿತು, ಮಲಗಲಿಲ್ಲ. ಎಂಟು ದಿನ ಬಿಟ್ಟು ಒಳ್ಳೆಯ ಬಿಸಿಲಲ್ಲಿ ಕೊಯ್ದರು. ಮಾಸ್ತಪ್ಪ ಎಲ್ಲರಿಗಿಂತ ಮೊದಲೇ ಕತ್ತಿ ಹಿಡಿದು ಬಂದಿದ್ದ. ಈಗ ಕೆರಿಯಪ್ಪ ಮಧ್ಯಾಹ್ನ ಮೂರಕ್ಕೆ ಟೀಚರ ಅಂಗಳದಲ್ಲಿ ಹಾಜರು, ಕಾಫಿಗೆ ಮಾತ್ರವಲ್ಲ. ಹೂವಮ್ಮನ ಹಣತೆ ಬೇಲಿಯಾಚೆಯ ಕಲ್ಲಿನ ಮೇಲೆ ಉರಿಯುತ್ತದೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಎರಡು ಥರ್ಮಾಮೀಟರ್, ಒಂದು ಒದ್ದೆ ಬಟ್ಟೆ, ಒಂದು ನೋಟುಬುಕ್ಕು ಸಾಕು. ಬಿಸಿಲು ತಾಗದ, ಗಾಳಿಯಾಡುವ ಕಡೆ ತೂಗುಹಾಕಿ. ದಿನವೂ ಒಂದೇ ಹೊತ್ತಿಗೆ ನೋಡಿ ಬರೆಯಿರಿ. ರೇಡಿಯೋ ಹೇಳಿದ್ದನ್ನೂ ಪಕ್ಕದಲ್ಲಿ ಬರೆಯಿರಿ, ಆಮೇಲೆ ಕತ್ತಿ ಎತ್ತಿ. ಲೆಕ್ಕ ಎಲ್ಲಾದರೂ ತಪ್ಪಿದರೆ, ಯಂತ್ರವನ್ನು ಬೈಯುವ ಮೊದಲು ಪೆಟ್ಟಿಗೆಯ ಬಾಗಿಲು ತೆರೆದು ನೋಡಿ. ಒಳಗಿರುವ ದೀಪ ನಿಮ್ಮದೇ ಆಗಿದ್ದರೆ ಹೂವಮ್ಮನ ಹಾಗೆ ಎದ್ದು ಹೇಳಿಬಿಡಿ.