ಸೈಕಲ್ಲಿಗೆ ಎನ್‌ಒಸಿ

ಮಾತು ಆಡಿದರೆ ಹೋಯಿತು, ಸೈಕಲ್ ಬಿಚ್ಚಿದರೆ ಹೋಯಿತು. ಹಿರಿಯರು ಮುತ್ತು ಅಂದಿದ್ದರು. ಅವರ ಕಾಲಕ್ಕೆ ಗೇರಿನ ಸೈಕಲ್ ಇರಲಿಲ್ಲ, ನಾನೂ ಇರಲಿಲ್ಲ. ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸುಳ್ಳೆಲ್ಲ ಅವತ್ತೇ ಫೋನಿನಲ್ಲಿ ಹೇಳಿ ಮುಗಿಸಿದ್ದೇನೆ.

ಮಲ್ಲೇಶ ಮಸ್ಕಿಯ ನಮ್ಮ ಸರಕಾರಿ ಆಫೀಸಿನಲ್ಲಿ ನನ್ನ ಎದುರು ಟೇಬಲ್ಲಿನ ಗುಮಾಸ್ತ. ವಯಸ್ಸು ನಲವತ್ತೆಂಟು. ದಿನಾ ನಸುಕಿನಲ್ಲಿ ಊರ ಗುಡ್ಡದ ಕಲ್ಲುದಾರಿಯಲ್ಲಿ ಮೌಂಟೇನ್ ಬೈಕ್ ತುಳಿದು, ಅರ್ಧ ತುಳಿದು ಅರ್ಧ ಹೊತ್ತು, ಬೆವರಿಳಿಸಿಕೊಂಡೇ ಆಫೀಸಿಗೆ ಬರುವವನು. ನೇಪಾಳದ ಗುಡ್ಡಗಳ ದಾರಿಯಲ್ಲಿ ಎಂಟು ದಿನ ಅದನ್ನೇ ತುಳಿದು ಲುಂಬಿನಿ ಮುಟ್ಟಬೇಕು ಅನ್ನೋದು ಅವನ ಆಸೆ. ಸರಕಾರಿ ನೌಕರ ದೇಶ ಬಿಡಬೇಕೆಂದರೆ ‘ನಮ್ಮದೇನೂ ತಕರಾರಿಲ್ಲ’ ಅನ್ನುವ ಎನ್‌ಒಸಿ ಬೇಕಲ್ಲ. ಎರಡು ವರ್ಷ ಫೈಲು ಲಿಂಗಸುಗೂರಿನ ಮೇಲಾಫೀಸಿಗೆ ಹೋಗಿ ಹೊಳ್ಳಿ ಬಂದಿತ್ತು. ನಮ್ಮಲ್ಲಿ ರಜೆಗೂ ಸಜೆಗೂ ಒಂದೇ ಅಕ್ಷರದ ಅಂತರ.

ಈ ವರ್ಷ ತಪ್ಪಿದರೆ ಮುಂದೆ ಇಲ್ಲ. ಡಾಕ್ಟರು ಎಕ್ಸ್‌ರೇ ಹಿಡಿದು, ‘ಮಂಡಿ ಪೂರ್ತಿ ಸವೆದಿದೆ, ಬರುವ ತಿಂಗಳು ಆಪರೇಷನ್, ಆಮೇಲೆ ಗುಡ್ಡ ಮರೆತುಬಿಡಿ’ ಅಂದಿದ್ದರು. ‘ಮಂಡಿಯಾಗ ಮಾಲು ಖಾಲಿಯಂತ’ ಎಂದು ಆಫೀಸಿಗೆಲ್ಲ ಡಂಗುರ ಹೊಡೆದವನು ನಾನೇ.

“ಅಲ್ಲೇ ಬಾಡಿಗಿ ಸೈಕಲ್ ಸಿಗತಾವಂತಲ್ಲೋ. ಇದನ್ಯಾಕ ಹೊತಗೊಂಡು ಹೋಗ್ತಿ?” ಅಂತ ಕೇಳಿದ್ದೆ.

“ನನ್ನ ಮಣಕಾಲು ಎಲ್ಲಿ ನೋಯತೈತಿ ಅಂತ ಇದಕ್ಕ ಗೊತ್ತೈತಿ. ಬಾಡಿಗಿದಕ್ಕ ಏನ್ ಗೊತ್ತಲೇ?”

ಅವನ ಹೆಂಡತಿ ಯಶೋಧರಾ ಚಹಾ ಇಡುತ್ತಾ, “ಆ ಯಶೋಧರಾನ ಗಂಡ ಕುದುರಿ ಹತ್ತಿಯರ ಹೋದ ರೀ. ನನ್ನ ಗಂಡ ಕುದುರಿನೂ ಡಬ್ಬ್ಯಾಗ ಹಾಕ್ಕೊಂಡು ಹೊಂಟಾನ” ಅಂದಳು.

ಡಬ್ಬಿ ಕಟ್ಟಿದ್ದು ಸಿಂಧನೂರಿನ ಸೈಕಲ್ ಅಂಗಡಿಯ ಬಂದೇಸಾಬ. ಮೂವತ್ತು ವರ್ಷ ಪಂಕ್ಚರ್ ಹಾಕಿದ ಕೈಗೆ ವಿಮಾನದ ಸೈಕಲ್ ಅದೇ ಮೊದಲು. ಪೆಡಲ್ ಬಿಚ್ಚಿ, ಗಾಲಿ ಕಳಚಿ, ಹ್ಯಾಂಡಲ್ ತಿರುವಿ, ಫ್ರಿಜ್ಜಿನ ರಟ್ಟಿನ ಡಬ್ಬಿಯಲ್ಲಿ ಮಲಗಿಸಿ, ಸಂದಿಸಂದಿಗೆ ಸಾಲಗುಂದದ ಭತ್ತದ ಹುಲ್ಲು ತುರುಕಿದ. “ಗಾಜಿನ ಸಾಮಾನು ಹಿಂಗ ಕಳಸೋದು. ಫಿಕರ್ ಮಾಡಬ್ಯಾಡ್ರಿ” ಅಂದನಂತೆ.

ವಿಮಾನ ಹೈದರಾಬಾದಿನಿಂದ ಭಾನುವಾರ. ಅದರ ಹಿಂದಿನ ಸೋಮವಾರವಾದರೂ ಎನ್‌ಒಸಿ ಬಂದಿರಲಿಲ್ಲ. ಅವತ್ತು ಇನ್ನೊಬ್ಬರ ದನಿ ತೆಗೆಯಲು ನನಗೆ ಗಂಟಲು ಕಡಿಯಿತು. ಮೇಲಾಫೀಸಿನ ಸೂಪರಿಂಟೆಂಡೆಂಟ್ ಗೋಪಣ್ಣನವರದು ಎರಡು ಮಾತಿಗೊಂದು ಕೆಮ್ಮು, ಪ್ರತಿ ಮಾತಿಗೂ ‘ವಿಷಯ ಏನಪಾ ಅಂದ್ರ’ ಅನ್ನುವ ಪೀಠಿಕೆ. ಹೊರಗೆ ಹೋಗಿ ಜವಾನ ಮಲೀಕಸಾಬನ ಹೊಸ ಸಿಮ್ಮಿನಿಂದ ಮಲ್ಲೇಶನಿಗೆ ಫೋನ್ ಹಚ್ಚಿದೆ.

“ವಿಷಯ ಏನಪಾ ಅಂದ್ರ, ನಿನಗ ಎನ್‌ಒಸಿ ಕೇಳಿದಿ. ಸೈಕಲ್ಲಿಗೆ ಎಲ್ಲಿ ಕೇಳಿದಿ?”

“ಸರ, ಅದು ಸಾಮಾನು ರೀ.”

“ಎರಡು ಗಾಲಿ ಇದ್ದದ್ದು ಸಾಮಾನು ಹೆಂಗಾಗತೈತಿ? ಬುಧವಾರದೊಳಗ ಅದರದು ಎರಡು ಪಾಸ್‌ಪೋರ್ಟ್ ಫೋಟೊ ತಗಸು. ಹಿಂದ ಬಿಳಿ ಪರದೆ ಇರಬೇಕು.”

“ಆತ್ರಿ ಸರ,” ಅಂದ. ‘ನಗಬಾರದು ಅಂತ ಹೇಳು ಅದಕ್ಕ’ ಅನ್ನುವಷ್ಟರಲ್ಲಿ ನನಗೇ ತಡೆಯಲಾಗದೆ ಫೋನ್ ಇಟ್ಟೆ.

ಮರುದಿನ ಅವನು ಅರ್ಧ ರಜೆ ಹಾಕಿ ಸಿಂಧನೂರಿಗೆ ಹೋದ. ಬಂದೇಸಾಬನ ಡಬ್ಬಿ ಬಿಚ್ಚಿಸಿ, ಸೈಕಲ್ ಜೋಡಿಸಿ, ಸ್ಟುಡಿಯೋದ ಮೆಟ್ಟಿಲು ಹತ್ತಿಸಿದ. ಬುಧವಾರ ಬೆಳಿಗ್ಗೆ ಆ ಫೋಟೊಗಳನ್ನು ಲಕೋಟೆಯಿಂದ ತೆಗೆದದ್ದೇ ತಡ, ನಾನು ಕೆಮ್ಮಿದೆ. “ವಿಷಯ ಏನಪಾ ಅಂದ್ರ...”

ಇಡೀ ಆಫೀಸು ಬಿದ್ದು ಬಿದ್ದು ನಕ್ಕಿತು. ಮಲ್ಲೇಶನ ಕಿವಿ ಕೆಂಪಾದವು. “ಇನ್ನ ಮ್ಯಾಲೆ ನಿನ್ನ ಫೋನ್ ನಂಬಿದ್ರ ನಾ ನಮ್ಮಪ್ಪ ಆದೆಪ್ಪನ ಮಗನ ಅಲ್ಲ” ಅಂದ. ಆಮೇಲೆ ಎಲ್ಲರಿಗೂ ಚಹಾ ತರಿಸಿದ. ಅಂಥವನು ಅವನು.

ಗುರುವಾರ ನಾನು ಟಪಾಲು ತಗೊಂಡು ಸಿಂಧನೂರಿಗೆ ಹೋಗಿದ್ದೆ. ನಾಲ್ಕೂ ಕಾಲಿಗೆ ವಾಪಸು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಎಲ್ಲರೂ ಚಪ್ಪಾಳೆ ತಟ್ಟಿದರು.

ಟೈಪಿಸ್ಟ್ ಶೈಲಜಾ, “ಇವತ್ತಿನದು ಮೊನ್ನಿದಕ್ಕಿಂತ ಭಾರಿ ಬಂತ್ ಬಿಡ್ರಿ. ಕೆಮ್ಮಂತೂ ಅವರದ” ಅಂದಳು.

“ಯಾವುದು ರೀ?”

“ಸಾಕು ಬಿಡ್ರಿ, ಏನೂ ಗೊತ್ತಿಲ್ಲದಂಗ! ಎಲ್ಲಾರೂ ಸ್ಪೀಕರಿನಾಗ ಕೇಳೀವಿ.”

ಮಧ್ಯಾಹ್ನ ಗೋಪಣ್ಣನವರ ದನಿಯಲ್ಲಿ ಫೋನ್ ಬಂದಿತ್ತು. ಮೇಲಾಫೀಸಿನ ಸಾಹೇಬರು ಒಪ್ಪಿದ್ದಾರೆ, ಐದರೊಳಗೆ ಬಂದು ಅವರೆದುರು ಮುಚ್ಚಳಿಕೆಗೆ ಸಹಿ ಹಾಕು, ಸಂಜೆಗೆ ಅವರು ಹದಿನೈದು ದಿನದ ಟ್ರೇನಿಂಗಿಗೆ ಹೊರಡುತ್ತಾರೆ ಅಂತ. ಮಲ್ಲೇಶ, “ನಾ ಯಾಕ್ರೀ ಸರ? ಸೈಕಲ್ ಕಳಸ್ತೀನಿ, ಹೆಬ್ಬೆಟ್ಟು ಒತ್ತತೈತಿ” ಅಂದನಂತೆ. ಎರಡನೆಯ ಸಲ ಬಂದಾಗ, “ಕೆಮ್ಮು ಜಾಸ್ತಿ ಆತಲೇ ಮಗನ. ನನಗ ಹೋಗೂದು ಬ್ಯಾಡಾಗೇತಿ, ಫೈಲ್ ತಲಿ ಕೆಳಗ ಇಟಗೊಂಡು ಮಕ್ಕೊ” ಅಂದು ಕಟ್ ಮಾಡಿದನಂತೆ.

“ಮಲ್ಲೇಶ, ನಾ ಮಾಡಿಲ್ಲೋ,” ಅಂದೆ.

“ಮತ್ತ ಶುರು ಮಾಡ್ದಿ.”

“ನನ್ನ ಮಗಳಾಣಿ. ನಾ ಮಾಡಿಲ್ಲ.”

ಅವನು ನನ್ನ ಮುಖ ನೋಡಿದ. ಫೋನ್ ತೆಗೆದು ನಂಬರು ನೋಡಿದ. ಲಿಂಗಸುಗೂರಿನ ಲ್ಯಾಂಡ್‌ಲೈನು. ತಿರುಗಿ ಹಚ್ಚಿದರೆ ಯಾರೂ ಎತ್ತಲಿಲ್ಲ.

ನನ್ನ ಗಾಡಿ ತೆಗೆದೆ. ಲಾರಿಗಳ ಸಂದಿಯಲ್ಲಿ ನುಗ್ಗಿ ಹೊಡೆದೆ. ಹಿಂದೆ ಕೂತ ಮಲ್ಲೇಶ ದಾರಿಯುದ್ದಕ್ಕೂ ಆ ಲ್ಯಾಂಡ್‌ಲೈನಿಗೇ ಹಚ್ಚುತ್ತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಲಿಂಗಸುಗೂರು ಮುಟ್ಟಿದಾಗ ಐದೂ ಇಪ್ಪತ್ತು. ಸಾಹೇಬರ ಜೀಪು ಐದಕ್ಕೇ ಹೋಗಿತ್ತು.

ಗೋಪಣ್ಣನವರು ಕಪಾಟಿಗೆ ಕೀಲಿ ಹಾಕುತ್ತಿದ್ದರು. ನಾನು ಕೈ ಮುಗಿದು ಎಲ್ಲ ಹೇಳಿದೆ. “ತಪ್ಪು ನಂದು ರೀ ಸರ. ನಾ ನಿಮ್ಮಂಗ ಮಾತಾಡ್ತೀನಿ. ಅದಕ್ಕ ಇವ ನಿಮ್ಮನ್ನ ನಾ ಅಂತ ತಿಳಕೊಂಡ.”

“ನನ್ನಂಗ?” ಕನ್ನಡಕ ಏರಿಸಿದರು. “ಮಾಡು ನೋಡೋಣ.”

“ಸರ...”

“ಮಾಡಲೇ. ಖರೇ ಐತೋ ಸುಳ್ಳೈತೋ ಗೊತ್ತಾಗಬೇಕಲ್ಲ.”

ಮನೆಗೆ ಹೊರಟಿದ್ದ ನಾಲ್ಕೈದು ಮಂದಿ ಬ್ಯಾಗು ಹಿಡಿದು ನಿಂತರು. ಚೆನ್ನಾಗಿ ಬಂದರೆ ನಂಬುತ್ತಾರೆ, ನಂಬಿದರೆ ಏನಾದರೂ ದಾರಿ ಹುಡುಕುತ್ತಾರೆ ಅಂದುಕೊಂಡು ಕೆಮ್ಮಿದೆ. “ವಿಷಯ ಏನಪಾ ಅಂದ್ರ...” ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಮಾಡಿಲ್ಲ. ಮೂಲೆಯಲ್ಲಿ ಒಬ್ಬ ಕಿಸಕ್ಕೆಂದ. ಗೋಪಣ್ಣನವರು ಬೈಯಲು ಹೋಗಿ ತಾವೇ ಕೆಮ್ಮಿದರು. ಎಲ್ಲರೂ ನಕ್ಕರು, ಅವರೂ ನಕ್ಕರು.

“ಥೇಟ್ ನಾನ ಬಿಡು. ಸಾಹೇಬ್ರ ಸಹಿ ಮಾಡಾಕ ಬರತೈತೇನು ನಿನಗ?” ಅನ್ನುತ್ತಾ ಕಪಾಟು ತೆಗೆದು, ಫೈಲು ಬಿಚ್ಚಿ ಮಲ್ಲೇಶನ ಮುಂದಿಟ್ಟರು.

ಅವನು ಜೋರಾಗಿಯೇ ಓದಿದ. “ಸದರಿ ನೌಕರರು ತಮಗೆ ಪ್ರವಾಸದಲ್ಲಿ ಆಸಕ್ತಿ ಇಲ್ಲವೆಂದು ದೂರವಾಣಿಯಲ್ಲಿ ಸ್ವತಃ ತಿಳಿಸಿರುತ್ತಾರೆ. ಕಡತ ಮುಕ್ತಾಯ.” ಕೆಳಗೆ ಹಸಿರು ಶಾಯಿಯಲ್ಲಿ ಸಾಹೇಬರ ಸಹಿ.

ಇನ್ನೊಮ್ಮೆ ಓದಿದ. ಹೆಗಲು ಅಲುಗಿದವು. ಅಳುತ್ತಾನೆ ಅಂದುಕೊಂಡು ತೋಳು ಹಿಡಿಯಲು ಹೋದೆ. ನಗುತ್ತಿದ್ದ. ಟೇಬಲ್ಲಿಗೆ ಕೈ ಊರಿ, ನೋಯುವ ಕಾಲು ಎತ್ತಿ ಎತ್ತಿ ಇಡುತ್ತಾ, ಎಲ್ಲರ ನಗುವಿಗಿಂತ ಮೇಲೆ ನಗುತ್ತಿದ್ದ. ಉಳಿದವರು ಒಬ್ಬೊಬ್ಬರಾಗಿ ಸುಮ್ಮನಾದರು. ಗೋಪಣ್ಣನವರು ಕನ್ನಡಕ ತೆಗೆದು ಒರೆಸತೊಡಗಿದರು. ಮಲ್ಲೇಶ ಮಾತ್ರ ನಿಲ್ಲಿಸಲಿಲ್ಲ.