ಬಾಟಲಿಗೆ ಏನು ಬೆರೆಸಿದೆ, ಅಪ್ಪ?

"ಬಾಟಲಿಗೆ ಏನು ಬೆರೆಸಿದೆ, ಅಪ್ಪ? ಬಾಯಿ ಬಿಟ್ಟು ಹೇಳು!"

"ಮೆಲ್ಲಗೆ ಮಾತಾಡು ಪುಟ್ಟಿ. ಹೊರಗೆ ಜನ ನಿಂತಿದಾರೆ."

"ನಿಂತಿರ್ಲಿ! ಬೇರೆಯವರು ಯಾಕೆ ಬೇಕು, ನನ್ನ ಬಾಳಿಗೆ ಕಲ್ಲು ಹಾಕೋಕೆ ನೀನೊಬ್ಬ ಸಾಕಲ್ಲ!"

ಅಡುಗೆಮನೆಯಲ್ಲಿ ಬೆಳಗಿನ ಚಹಾ ಇನ್ನೂ ಕುದಿದಿರಲಿಲ್ಲ, ಜಗಳ ಕುದಿಯುತ್ತಿತ್ತು. ಮಗಳು ಟೆನಿಸ್ ಆಟಗಾರ್ತಿ. ಆಟವೇ ಅವಳ ಅನ್ನ. ಅಪ್ಪನದು ರ್ಯಾಕೆಟ್ಟಿಗೆ ತಂತಿ ಬಿಗಿಯುವ ಅಂಗಡಿ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಡ್ಯೂಟಿಗೆ ಹೊರಟು ನಿಂತಿದ್ದಳು. ಮಗಳನ್ನು ಅಭ್ಯಾಸಕ್ಕೆ ಕರೆದೊಯ್ಯಲು ಬಂದ ಕೋಚ್ ಹಿತ್ತಲ ಬಾಗಿಲ ಬಳಿ ಖಾಲಿ ಲೋಟ ಹಿಡಿದು ಕೂತಿದ್ದ.

ಮುಂಬಾಗಿಲ ಗಂಟೆ ಒತ್ತಿದವಳು ಉದ್ದೀಪನ ಮದ್ದಿನ ಪರೀಕ್ಷೆಗೆ ಬಂದ ಅಧಿಕಾರಿ. ದೊಡ್ಡ ಪಂದ್ಯ ಆಡುವವರು ದಿನದಲ್ಲಿ ಒಂದು ಗಂಟೆ ತಾವೆಲ್ಲಿರುತ್ತೇವೆ ಎಂದು ಮೊದಲೇ ತಿಳಿಸಿರಬೇಕು. ಆ ಹೊತ್ತಿಗೆ ಯಾವತ್ತು ಬೇಕಾದರೂ ಬಂದು ಮೂತ್ರ, ರಕ್ತ ಕೇಳುತ್ತಾರೆ. ಮಗಳಿಗೆ ಇದು ಹೊಸದಲ್ಲ. ಕಿಟಕಿಯಿಂದ ಅಧಿಕಾರಿಯನ್ನು ಕಂಡು "ಬಂದೆ ಮೇಡಂ" ಎಂದು ಕೂಗಿ ಅವಳು ಆರಾಮವಾಗಿಯೇ ಎದ್ದಿದ್ದಳು.

ಆದರೆ ಆ ಕೂಗು ಕೇಳಿದ್ದೇ ತಡ, ಅಪ್ಪ ಓಡಿಹೋಗಿ ಅವಳ ನೀರಿನ ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದ. ಮಗಳು ಕೈ ಹಿಡಿದಳು. ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿತ್ತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಶಕ್ತಿ ಪುಡಿ ಕಣೇ," ಎಂದ ಅಪ್ಪ. "ನಿನ್ನ ಮಂಡಿ ಹೋದಾಗಿಂದ ಬರೀ ಸೋಲು. ಮಂಡಿ ಬೇಗ ಕೂಡ್ಕೊಳ್ಳುತ್ತೆ ಅಂತ ಕೋಚ್ ಸಾರ್ ಕೊಟ್ರು. ನಿಂಗೆ ಹೇಳಿದ್ರೆ ಕುಡೀತಿರ್ಲಿಲ್ಲ."

"ಅಂದ್ರೆ ಅವತ್ತಿಂದ ದಿನಾ ಕುಡಿಸ್ತಿದೀಯಾ?"

ಅಪ್ಪ ಹೌದೆಂದು ತಲೆಯಾಡಿಸಿದ. ಆಮೇಲೆ ಅವನಿಗೂ ಸಿಟ್ಟು ಬಂತು. "ಎಲ್ರೂ ತಗೋತಾರೆ! ಹೋದ ಸಲ ನಿನ್ನ ಸೋಲಿಸಿದಳಲ್ಲ, ಅವಳೇನು ಬರೀ ಅನ್ನ ತಿಂದು ಹಾಗೆ ಹೊಡೀತಾಳಾ?"

"ಏನ್ರೀ, ಅವಳು ತಗೊಂಡಿದ್ದು ನೀವು ಕಂಡ್ರಾ?" ಅಮ್ಮ ಕೇಳಿದಳು.

"ಕಾಣೋದೇನು? ಅವಳ ತೋಳು ನೋಡು!"

"ತೋಳು ನೋಡಿ ಹೇಳೋ ಹಾಗಿದ್ರೆ ನಾನ್ಯಾಕೆ ದಿನಾ ಜನರ ರಕ್ತ ತೆಗೀಲಿ? ಅಂಗಡೀಲಿ ಕೂತು ಊರಿಗೆಲ್ಲ ಅವಳನ್ನ ಕಳ್ಳಿ ಅಂತ ಸಾರಿದ್ರಿ. ಪುಡಿ ಸಿಕ್ಕಿದ್ದು ಯಾರ ಮನೇಲಿ?"

ಗಂಟೆ ಮತ್ತೆ ಸದ್ದು ಮಾಡಿತು.

"ಬಾಗಿಲು ತೆಗೀಬೇಡಿ," ಎಂದ ಕೋಚ್. "ಮನೇಲಿಲ್ಲ ಅಂತ ಬರ್ಕೊಂಡು ಹೋಗ್ತಾರೆ. ಒಂದು ಸಲ ಸಿಗದಿದ್ರೆ ಆಕಾಶ ಕಳಚಿ ಬೀಳಲ್ಲ."

"ಬಂದೆ ಅಂತ ಆಗ್ಲೇ ಕೂಗಿದೀನಿ ಸಾರ್! ಗೊತ್ತಿದ್ದೂ ತಪ್ಪಿಸ್ಕೊಂಡ್ರೆ ಅದೇ ಒಂದು ಅಪರಾಧ. ನಮಗೆಲ್ಲ ಪಾಠ ಮಾಡಿದಾರೆ. ನನ್ನ ಮೈಯಲ್ಲಿ ಸಿಕ್ಕಿದ್ದಕ್ಕೆ ನಾನೇ ಹೊಣೆ. ಅಪ್ಪ ಬೆರೆಸಿದ, ಅಮ್ಮ ಬೆರೆಸಿದಳು ಅಂದ್ರೆ ತಲೆ ಸವರಿ ಬಿಡಲ್ಲ."

ಅಮ್ಮ ಕಪಾಟಿನಲ್ಲಿ ಕೈಯಾಡಿಸಿ ಹಿಟ್ಟಿನ ಡಬ್ಬಿಯ ಹಿಂದಿನಿಂದ ಪುಡಿಯ ಡಬ್ಬಿ ತೆಗೆದಳು. ಅದರ ಮೇಲಿನ ಚೀಟಿ ಕಿತ್ತುಹೋಗಿತ್ತು.

"ಇದರ ಹೆಸರೇನು ಸಾರ್?"

"ಏನೋ ಗಿಡಮೂಲಿಕೆ ಅಮ್ಮ."

"ಗಿಡಕ್ಕೂ ಒಂದು ಹೆಸರಿರತ್ತಲ್ಲ?"

ಕೋಚ್ ಹಿತ್ತಲ ಬಾಗಿಲ ಕಡೆ ನೋಡಿದ. ಮಗಳು ಅಪ್ಪನ ಕಡೆ ತಿರುಗಿದಳು.

"ಕಂಡವರ ರ್ಯಾಕೆಟ್ಟಲ್ಲಿ ಒಂದು ಎಳೆ ಸವೆದಿದ್ರೂ ನೀನು ತಂತಿ ಬಿಗಿಯಲ್ಲ. ಯಾವ ತಂತಿ, ಯಾವ ಕಂಪನಿ ಅಂತ ಹತ್ತು ಸಲ ಕೇಳ್ತೀಯ. ಮಗಳ ಹೊಟ್ಟೆಗೆ ಹಾಕೋದನ್ನ ಒಂದು ಸಲ ಕೇಳಿದ್ಯಾ ಅಪ್ಪ?"

ಅಪ್ಪನ ಮುಖ ಕಪ್ಪಿಟ್ಟಿತು. ಕೋಚ್ ಎದ್ದು, "ಡಬ್ಬಿ ಕೊಡಿ, ನಾನು ಒಯ್ತೀನಿ. ಗಲಾಟೆ ಬೇಡ" ಎಂದು ಕೈ ಚಾಚಿದ. ಅಪ್ಪ ನಡುವೆ ನುಗ್ಗಿ ಡಬ್ಬಿ ಕಸಿದುಕೊಂಡ. ತಂತಿ ಎಳೆದೆಳೆದು ಗಂಟುಬಿದ್ದ ಆ ಬೆರಳುಗಳು ಡಬ್ಬಿಯನ್ನು ಬಿಗಿಯಾಗಿ ಹಿಡಿದವು.

"ಹೆಸರು ಹೇಳಿ ಸಾರ್. ಹೇಳಿ ತಗೊಂಡು ಹೋಗಿ."

"ನಂಬಿಕೆ ಇಲ್ಲದ ಮನೇಲಿ ನಾನು ನಿಲ್ಲಲ್ಲ!" ಕೋಚ್ ಲೋಟ ಕುಕ್ಕಿ ಹಿತ್ತಲ ಬಾಗಿಲಿಂದ ಹೊರಟ. ಬಾಗಿಲು ದಢಾರನೆ ಬಡಿಯಿತು.

ಮಗಳು ಕಣ್ಣೊರೆಸಿಕೊಂಡು ಮುಂಬಾಗಿಲು ತೆಗೆದಳು. ಅಧಿಕಾರಿ ಒಳಗೆ ಬಂದು ಕೂರುವ ಮೊದಲೇ ಅಪ್ಪ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಮೇಡಂ, ಇದನ್ನ ಬೆರೆಸಿದ್ದು ನಾನು. ಅವಳಿಗೆ ಗೊತ್ತಿರಲಿಲ್ಲ. ಬರ್ಕೊಳ್ಳಿ."

ಪರೀಕ್ಷೆಯಲ್ಲಿ ಮದ್ದು ಸಿಕ್ಕಿತು. ಮಗಳನ್ನು ಆಟದಿಂದ ಹೊರಗಿಟ್ಟರು. ಡಬ್ಬಿ ಕೊಟ್ಟು ನಿಜ ಹೇಳಿದ್ದರಿಂದ ಶಿಕ್ಷೆ ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಈಗ ಅವಳು ಅಪ್ಪನ ಅಂಗಡಿಯಲ್ಲಿ ಕೂತು ಬೇರೆಯವರ ರ್ಯಾಕೆಟ್ಟಿಗೆ ತಂತಿ ಬಿಗಿಯುತ್ತಾಳೆ. ಬಂದ ಗಿರಾಕಿಗಳು ಅವಳ ತೋಳು ನೋಡಿ ಪಿಸುಗುಡುತ್ತಾರೆ. ಅದೇ ಮಾತು, "ಬರೀ ಅನ್ನ ತಿಂದು ಹಾಗೆ ಹೊಡೀತಿದ್ಳಾ?" ಅಪ್ಪನಿಗೆ ಕೇಳಿಸುತ್ತದೆ. ಅದು ಅವನೇ ಊರಿಗೆ ಕಲಿಸಿದ ಮಾತು.

ಆದರೆ ಈಗ ಆ ಮನೆಯಲ್ಲಿ ಕೆಮ್ಮಿನ ಔಷಧಿ ಬೇಕಾದರೂ ಮೊದಲು ಡಾಕ್ಟರಿಗೆ "ಇವಳು ಆಟಗಾರ್ತಿ" ಎಂದು ಹೇಳಿ, ಆಟಗಾರರಿಗೆ ನಿಷೇಧಿಸಿದ ಮದ್ದಿನ ಪಟ್ಟಿ ನೋಡಿಯೇ ತರುವುದು. ಹಾಗೆ ಕೇಳುವವನು ಅಪ್ಪನೇ.

ತಂದೆ ತಾಯಂದಿರೇ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮಗು ಸೋತರೆ ಮನೆಗೆ ಬರುತ್ತದೆ, ಊಟ ಮಾಡುತ್ತದೆ, ಮತ್ತೆ ಆಡುತ್ತದೆ. ಮದ್ದು ಕುಡಿಸಿ ಗೆಲ್ಲಿಸಲು ಹೋದಿರೋ, ಮೈಯೂ ಹಾಳು, ಮರ್ಯಾದೆಯೂ ಹಾಳು. ಗೆದ್ದವರನ್ನೆಲ್ಲ ಕಳ್ಳರೆಂದು ಕರೆಯುವ ಚಟ ಬಿಡಿ. ಅನುಮಾನವಿದ್ದರೆ ಪರೀಕ್ಷೆ ಮಾಡುವವರಿಗೆ ತಿಳಿಸಿ, ಬೀದಿಗೆ ಸಾರಬೇಡಿ. ಆಟಗಾರರೇ, ನಿಮ್ಮ ಬಾಟಲಿ ನಿಮ್ಮ ಕೈಯಲ್ಲೇ ಇರಲಿ, ಹೆತ್ತವರೇ ಕೊಟ್ಟರೂ ಏನೆಂದು ಕೇಳಿ ಕುಡಿಯಿರಿ.

ಆ ಕೋಚ್ ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ಫೋನೂ ಎತ್ತಲಿಲ್ಲ. ಅಂಥವನು ನಾಳೆ ಇನ್ನೊಂದು ಚೀಟಿ ಕಿತ್ತ ಡಬ್ಬಿ ಹಿಡಿದು ನಿಮ್ಮ ಹಿತ್ತಲ ಬಾಗಿಲಿಗೇ ಬರಬಹುದು. ಬಂದರೆ ಪುಡಿಯ ಹೆಸರು ಕೇಳಿ. ಹೇಳದಿದ್ದರೆ ಒಳಗೆ ಬಿಡಬೇಡಿ.